ಲಗ್ನಪತ್ರಿಕೆಯಲ್ಲಿ ಬಿಟ್ಟ ಹೆಸರು

“ನಿಮ್ಮಪ್ಪ ಯಾರು ಅಂತ ಕೇಳಿದ್ರೆ ತಲೆ ಎತ್ತಿ ಹೇಳು” ಅಂತ ನಮ್ಮವ್ವ ಜಡೆ ಹಾಕ್ತಾ ದಿನಾ ಹೇಳೋಳು. ಹೇಳೋಕೇನು, ಹೇಳಬಹುದು, ಕೇಳಿದೋರು ಆಮೇಲೂ ಎದುರಿಗೆ ಕೂತಿರ್ತಾರಾ? ಅದನ್ನ ಅವ್ವ ಹೇಳಲೇ ಇಲ್ಲ. ನಿಮ್ಮಮ್ಮ ಸುಧಾಗೆ ಮೊದಲು ಗೊತ್ತು ಮಾಡಿದ್ದ ಗಂಡು ಯಾಕೆ ತಪ್ಪಿಹೋಯ್ತು ಅಂತ ಕೇಳಿದೆಯಲ್ಲ ಪುಟ್ಟಿ, ಅದಕ್ಕೇ ಇದನ್ನ ಹೇಳ್ತಿರೋದು.

ತೊಂಬತ್ತರ ದಶಕ ಆಗ. ನಿಮ್ಮ ತಾತ ತೀರ್ಕೊಂಡು ಎರಡು ವರ್ಷ, ಅಲ್ಲ, ಮೂರು. ಅವರದು ಲಷ್ಕರ್ ಮೊಹಲ್ಲಾದ ಬಟ್ಟೆ ಅಂಗಡಿ ಮನೆತನ. ನಾನು ಅಶೋಕಪುರಂನ ರೈಲ್ವೆ ಫಿಟ್ಟರ್ ಮಗಳು. ಕೀಳು ಜಾತಿಯೋಳನ್ನ ಕಟ್ಕೊಂಡ ಅಂತ ಅವರನ್ನ ಮದುವೆ ದಿನವೇ ಹೊರಗೆ ಹಾಕಿದ್ರು. ಅವರು ಹೋದ ಮೇಲೆ ನಾನು ಟೈಪಿಂಗ್ ಮಾಡ್ಕೊಂಡು ಬದುಕಿದೆ. ಬೆಳಗ್ಗೆ ಗಂಜಿ, ಮಧ್ಯಾಹ್ನ ಬರೀ ನೀರು. ಸುಧಾ ಕಾಲೇಜಿಗೆ ಉಡೋಕೆ ಇದ್ದದ್ದು ಎರಡೇ ಸೀರೆ. ಆಗ ಒಬ್ಬ ಮೇಷ್ಟ್ರು ಒಂದು ಪ್ರಬಂಧ ತಂದುಕೊಟ್ರು. ಸ್ಪೇನಿಗೆ ರಾಣಿಯಾಗಿ ಹೋದ ಪರದೇಶದ ರಾಜಕುಮಾರಿಯೊಬ್ಬಳ ವಂಶದ ಕಥೆ. ವಂಶವೃಕ್ಷದಲ್ಲಿ ಹೆಸರುಗಳನ್ನ ಟೈಪ್ ಮಾಡಿ, ಗೆರೆಗಳನ್ನ ಸ್ಕೇಲ್ ಇಟ್ಟು ಇಂಕಿನಲ್ಲಿ ಎಳೀಬೇಕು, ಗೊತ್ತಾ. ಎಳೀತಾ ಕೇಳಿದೆ: “ಸಾರ್, ರಾಣಿಯ ಅಜ್ಜಿ ಮದುವೆಯಾದದ್ದು ರಾಜಕುಮಾರನನ್ನೇ. ಮಕ್ಕಳಿಗ್ಯಾಕೆ ಬೇರೆ ಮನೆತನದ ಹೆಸರು?”

“ಆಕೆ ಅರಮನೇಲಿ ಸಖಿಯಾಗಿದ್ದೋರು ಕಣಮ್ಮ, ರಾಜವಂಶದೋರಲ್ಲ. ಅದಕ್ಕೇ ಮಕ್ಕಳಿಗೆ ಅಪ್ಪನ ಮನೆತನದ ಹೆಸರು ಸಿಗಲಿಲ್ಲ. ಒಂದು ಊರಿನ ಹೆಸರು ಕೊಟ್ಟು ಆಚೆಗಿಟ್ರು.”

“ಮೊಮ್ಮಗಳು ರಾಣಿಯಾದಾಗ ಆ ಅಜ್ಜಿ ಹೆಸರನ್ನ ಅಳಿಸಿಬುಟ್ರಾ?”

ಮೇಷ್ಟ್ರು ನಕ್ಕುಬಿಟ್ರು. “ಅಳಿಸಿದ್ರೆ ನೀವೀಗ ಏನು ಟೈಪ್ ಮಾಡ್ತಿದ್ರಿ?”

ಅದೇ ವಾರ ನನ್ನ ಮೈದುನ ಬಂದ. ಅಷ್ಟು ವರ್ಷದಲ್ಲಿ ಮೊದಲ ಸಲ. “ಅತ್ತಿಗೆ, ಸುಧಾಗೆ ಬನ್ನಿಮಂಟಪದ ಕಡೆ ಒಳ್ಳೇ ಸಂಬಂಧ ತಂದಿದೀನಿ. ಖರ್ಚೆಲ್ಲ ನಮ್ದು. ಲಗ್ನಪತ್ರಿಕೇಲಿ ಮಾತ್ರ ನಿಮ್ಮ ಕಡೆಯೋರ ಹೆಸರು ಬೇಡ. ನಿಮಗೆ ತಂದೆ ತಾಯಿ ಇಲ್ಲ ಅಂತ ಹೇಳಿಬುಟ್ಟಿದೀನಿ.”

“ಅಪ್ಪ ಬದುಕಿದಾರಲ್ಲಪ್ಪ!”

“ಒಂದು ದಿನ ತಾನೇ? ಅವರು ಮನೇಲೇ ಇದ್ರಾಯ್ತು.”

ಹಸಿವು ಕಣವ್ವ, ಆ ಹಸಿವು ನನ್ನ ಬಾಯಿ ಕಟ್ಟಿತು. ಒಪ್ಪಿದೆ. ಅಚ್ಚಿಗೆ ಕೊಡೋ ಪ್ರತೀನ ನಾನೇ ಟೈಪ್ ಮಾಡಿದೆ. ವಂಶವೃಕ್ಷದಲ್ಲಿ ಆ ರಾಣಿಯ ಅಜ್ಜಿ ಹೆಸರು ಸೇರಿಸಿದ್ದು ಇದೇ ಕೈ, ನಮ್ಮಪ್ಪನ ಹೆಸರು ಬಿಟ್ಟದ್ದೂ ಇದೇ ಕೈ.

ಭಾನುವಾರ ಗಂಡಿನ ಕಡೆಯೋರು ಪ್ರತಿ ನೋಡೋಕೆ ಬಂದು ಕೂತಿದ್ರು. ಕರೆಯದೇ ಇದ್ರೂ ಅಪ್ಪ ಬಂದ್ರು, ಮೊಮ್ಮಗಳಿಗೆ ಅಂತ ರಸಬಾಳೆ ಹಿಡ್ಕೊಂಡು. ಮೇಜಿನ ಮೇಲಿದ್ದ ಹಾಳೆ ತಗೊಂಡು, ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದ್ರು. ಮತ್ತೆ ಮೇಲಿಂದ ಓದಿದ್ರು. ತಿರುಗಿಸಿ ಹಿಂಬದಿ ನೋಡಿದ್ರು. ಅಲ್ಲಿ ಏನೂ ಇರಲಿಲ್ಲ. “ಅಕ್ಷರ ಚೆನ್ನಾಗಿ ಮೂಡಿದೆ ಕಣವ್ವ” ಅಂತ ಹಾಳೇನ ನನ್ನ ಕೈಗೆ ಕೊಟ್ರು.

ಗಂಡಿನ ತಂದೆ ಕೇಳಿದ್ರು, “ಇವರು ಯಾರು?”

ಮೈದುನ ತಟ್ಟನೆ, “ಹಣ್ಣು ತಂದುಕೊಡೋರು” ಅಂದುಬಿಟ್ಟ.

ಅಪ್ಪ ನನ್ನ ಮುಖ ನೋಡಲಿಲ್ಲ. “ಹೌದು ಸ್ವಾಮಿ” ಅಂದು ಚಪ್ಪಲಿಗೆ ಬಗ್ಗಿದ್ರು. ಒಳಗಿದ್ದ ಸುಧಾ ಬಂದು ತನ್ನ ತಾತನ ಕೈ ಹಿಡ್ಕೊಂಡು ನಿಂತಳು.

ನಾನು ಎದ್ದೆ.

“ಇವರು ನನ್ನ ತಂದೆ. ಪತ್ರಿಕೇಲಿ ಇವರ ಹೆಸರು ಸೇರಿಸ್ತೀನಿ. ಅದು ಆಗಲ್ಲ ಅಂದ್ರೆ ನಮಗೆ ಈ ಮದುವೆ ಬೇಡ.”