ಕಿರುಚಾಟದ ಮೇಲಿನ ಸಂಗೀತ

ಆ ಸಿನಿಮಾದ ಕೊನೆಯ ಕಿರುಚಾಟ ನಟನೆಯಾಗಿರಲಿಲ್ಲ. ನಿರ್ದೇಶಕ ನಾಯಕಿಗೆ ಹೇಳದೆ ಉಗ್ರಾಣದ ಬಾಗಿಲಿಗೆ ಬೀಗ ಜಡಿದು, ಗೋಡೆಯ ಕಿಂಡಿಯಿಂದ ಕ್ಯಾಮೆರಾ ಓಡಿಸಿದ್ದ. ನಾಯಕಿ ಅವನ ಒಡಹುಟ್ಟಿದ ತಂಗಿ.

ಪುಡಿಗಾಸಿನಲ್ಲಿ ತೆಗೆದು, ಮೊದಲ ವಾರವೇ ಮಕಾಡೆ ಮಲಗಿದ್ದ ಆ ಭಯದ ಚಿತ್ರಕ್ಕೆ ಈಗ ಭಕ್ತರ ಸಾಲು. ಥಿಯೇಟರಿನೆದುರು ಸಾಲಿನಲ್ಲಿದ್ದ ಒಬ್ಬ ನರ್ಸಿನ ಅಂಗಿಯ ಮೇಲೂ ಕಿರುಚುವ ಆ ಮುಖವೇ ಅಚ್ಚಾಗಿತ್ತು. ಪಕ್ಕದ ಮೆಟ್ಟಿಲ ಮೇಲೆ ಅದೇ ಮುಖ, ಈಗ ನರೆಗೂದಲಿನದು, ಅಣ್ಣನೊಡನೆ ಜಗಳಕ್ಕೆ ನಿಂತಿತ್ತು. ನರ್ಸ್ ಕಿವಿ ನಿಮಿರಿಸಿದಳು.

“ಸ್ಟೇಜ್ ಮೇಲೆ ಬಂದು ಒಂದೇ ಒಂದು ಸಲ ಕಿರುಚು, ತಾಯಿ. ಜನ ಅದಕ್ಕೇ ಬಂದಿರೋದು.”

“ಅವತ್ತು ನಾನು ಏನಂತ ಕಿರುಚಿದೆ, ನೆನಪಿದೆಯಾ?”

“ಅದು ಯಾರಿಗೆ ಬೇಕೇ? ಅದರ ಮೇಲೆ ಸಂಗೀತ ಹಾಕಿದ್ದೀನಲ್ಲ.”

“‘ಅಣ್ಣಾ, ಬಾಗಿಲು ತೆಗಿ’ ಅಂದೆ. ನೀನು ಆಚೆಗೇ ನಿಂತಿದ್ದೆ.”

“ಇನ್ನೊಂದು ಸಲ ತೆಗೆಯೋಕೆ ರೀಲ್ ಎಲ್ಲಿತ್ತು? ಮೊದಲೇ ಹೇಳಿದ್ರೆ ಮುಖದಲ್ಲಿ ಆ ಭಯ ಬರ್ತಿತ್ತಾ?”

“ಇವತ್ತಿಗೂ ಬಚ್ಚಲ ಬಾಗಿಲು ಹಾಕ್ಕೊಳ್ಳಲ್ಲ ನಾನು. ನಮ್ಮ ಯಜಮಾನ್ರು ಆಚೆ ಕಾವಲು ಕೂರ್ತಾರೆ.”

“ಹಳೇ ಪುರಾಣ ಬಿಡೇ. ಹೆಸರು ಬಂದಿದ್ದು ಅದರಿಂದಲೇ ಅಲ್ವಾ?”

“ಹೆಸರು ನಿಂದು. ನಡುಕ ನಂದು.”

ನರ್ಸ್ ಕೈಚೀಲವನ್ನು ಎದೆಗವಚಿ ಅಂಗಿಯ ಚಿತ್ರ ಮುಚ್ಚಿಕೊಂಡಳು.

ಒಳಗಿನಿಂದ ಚಪ್ಪಾಳೆ ಕೇಳಿಸಿತು. ಅಣ್ಣ ತಂಗಿಯ ರಟ್ಟೆ ಹಿಡಿದ. “ಕರೀತಿದ್ದಾರೆ, ನಡಿ. ದೊಡ್ಡೋನು ಹೇಳ್ತಿದ್ದೀನಿ.”

ಆಕೆ ಕೈ ಕೊಡವಿ, ಬೀದಿಯತ್ತ ಮೆಟ್ಟಿಲಿಳಿಯುತ್ತಲೇ ತಿರುಗಿ ಹೇಳಿದಳು:

“ಬರಲ್ಲ ಅಣ್ಣ. ಬೇಕಾದ್ರೆ ನೀನೇ ಒಳಗೆ ಹೋಗಿ ಕಿರುಚು. ಹೊರಗಿಂದ ಬೀಗ ನಾನು ಹಾಕ್ತೀನಿ.”