ಅವರ ಮಗ್ಗುಲು
ಕಣ್ಣಾಸ್ಪತ್ರೆಯಲ್ಲಿ ಅಮ್ಮನಿಗಾಗಿ ಕಾಯುತ್ತಾ ಅವಳು ಮಂಡಿನೋವಿನ ಎಣ್ಣೆಯ ಕಂಪನಿಗೆಂದು ಬರೆದ ಲೇಖನವನ್ನು ಫೋನಿನಲ್ಲಿ ತಿದ್ದುತ್ತಿದ್ದಳು. ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತೇನೆಂದು ಅಮ್ಮ ನಾಚುತ್ತಾ ಹೇಳಿದ್ದ ಗುಟ್ಟಿನಿಂದಲೇ ಅದು ಶುರುವಾಗುತ್ತಿತ್ತು. ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರು ಮಾತಿಗೆ ಮಾತು ಬೆಳೆಸಿದ್ದರು.

“ನಿಮ್ಮ ಭಾವ ಹೋದ್ಮೇಲೆ ಮಂಚದಲ್ಲಿ ಅವರ ಮಗ್ಗುಲಿಗೇ ಮಲಗ್ತೀನಿ ಅಂತ ನಿನಗೊಬ್ಬಳಿಗೇ ಹೇಳಿದ್ದು ಕಣೇ. ಅದನ್ನೇ ಬರೆದು ಹಾಕಿದೀಯಲ್ಲ!”

“ನಿನ್ನ ಹೆಸರು ಎಲ್ಲೂ ಹಾಕಿಲ್ವಲ್ಲಕ್ಕ.”

“ಅದಕ್ಕೇ ಮೋಸ ಹೋದೆ. ಯಾರೋ ನನ್ನಂಥೋಳೇ ಬರ್ದಿದಾಳೆ ಅಂತ ಓದಿ ಅತ್ತುಬಿಟ್ಟೆ. ಕೊನೇಲಿ ಹಾಸಿಗೆ ಕಂಪನಿ ಹೆಸರು ಬಂತು.”

“ಜಾಹೀರಾತು ಅನ್ನಿಸಬಾರದು, ಕಥೆ ಅನ್ನಿಸಬೇಕು. ನಮ್ಮ ಕೆಲಸಾನೇ ಅದು. ಮೇಲೆ ‘ಪ್ರಾಯೋಜಿತ’ ಅಂತ ಹಾಕಿದೀನಲ್ಲ!”

“ಸಾಸಿವೆ ಕಾಳಷ್ಟು. ಪೊರೆ ಬಂದ ಕಣ್ಣಿಗೆ ಹಾಸಿಗೆ ಕಾಣ್ತು, ಅದು ಕಾಣ್ಲಿಲ್ಲ.”

“ಎಷ್ಟು ಸಾವಿರ ಜನ ಓದಿದ್ರು ಗೊತ್ತಾ?”

“ಗೊತ್ತು. ಅಷ್ಟೂ ಜನ ನನ್ನ ಮಂಚ ನೋಡಿದ್ರು.”

ನರ್ಸ್ ಕೂಗಿದಳು. ತಂಗಿ ಕೈ ಚಾಚಿದಳು. ಅಕ್ಕ ಗೋಡೆ ಹಿಡಿದುಕೊಂಡೇ ಒಳಗೆ ನಡೆದಳು.

ಇತ್ತ ಫೋನಿನಲ್ಲಿ ಅವಳು ಅಮ್ಮನ ಮೆಟ್ಟಿಲಿನ ಸಾಲುಗಳನ್ನು ಒಂದೊಂದಾಗಿ ಅಳಿಸಿದಳು. ಕಣ್ಣಿಗೆ ಹನಿ ಹಾಕಿಸಿಕೊಂಡು ಬಂದ ಅಮ್ಮ, “ಏನೇ ಬರೀತಿದ್ದೆ?” ಎಂದು ಕೇಳಿದಳು.

“ಏನಿಲ್ಲಮ್ಮ,” ಎಂದು ಫೋನನ್ನು ಚೀಲಕ್ಕೆ ಹಾಕಿ, ಅಮ್ಮನಿಗೆ ತೋಳು ಕೊಟ್ಟಳು.