ಬೇರಿಂಗ್ ಚಲೋ ಅದ

ಕೆ.ಆರ್. ಪುರಂ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಪಿಳ್ಳಪ್ಪ ಕೂತಿದ್ದ. ಪಕ್ಕದಲ್ಲಿ ಹೆಂಗಸೊಬ್ಬಳು ಗಂಡನಿಗಾಗಿ ಕಾಯುತ್ತಿದ್ದಳು. ಅಂಗೈಯೆಲ್ಲ ಗ್ರೀಸಾಗಿದ್ದ ಗಂಡ ಫ್ಯಾಕ್ಟರಿ ಕಡೆಯಿಂದ ಓಡಿಬಂದ.

“ಪಂಪ್ ಬಿಚ್ಚಿದ್ರೇನ್ರೀ? ಕೆಲಸ ಉಳೀತಾ?”

“ಉಳೀತು! ನಾ ಹಾಕಿದ ಬೇರಿಂಗ್ ಚಲೋ ಅದ. ಎಲ್ಲಾರ ಮುಂದ ಕೈಯಾಗ ತಿರುವಿ ತೋರಿಸ್ದೆ, ಬೆಣ್ಣಿಹಂಗ ತಿರುಗ್ತು.”

“ಮತ್ತ ನೀರ್ ಯಾಕ ಏರ್ತಿರ್ಲಿಲ್ಲ?”

“ಒಳಗ ನೀರ್ ಎಸಿಯೋ ಚಕ್ರದ ಬಾಯಾಗ ಸಿಮೆಂಟ್ ಚೀಲದ ತುಂಡ್ ಸಿಕ್ಕಿತ್ತು. ಪೈಪಿಗಿದ್ದ ಕಸ ತಡಿಯೋ ಜಾಳಿಗಿ ತೆಗೆಸ್ದಾಂವ ಯಾರು ಹೇಳು?”

“ಆ ಸೂಪರ್‌ವೈಸರೇ?”

“ಅವನೇ. ಬೇರಿಂಗ್ ಕೆಟ್ಟದ ಅಂತ ನನ್ ಮ್ಯಾಲ ಬರ್ದ್ ಕೊಟ್ಟಿದ್ದಾಂವ.”

“ಈಗ ಏನಂದ?”

“ಸಾಹೇಬ್ರ ಮುಂದ ತಲಿ ಕೆರಕೊಂಡ. ‘ನಾಳೆ ಎರಡನೇ ಪಂಪೂ ಬಸಣ್ಣನೇ ಬಿಚ್ಚಲಿ’ ಅಂದ.”

“ನಿಮಗ ‘ಲೇ ಬಸ್ಯಾ’ ಅನ್ನಾಂವ ‘ಬಸಣ್ಣ’ ಅಂದನಾ?”

“ಅಂದ!”

ಬಸ್ಸು ಬಂತು. ಹೆಂಗಸು ಸೆರಗು ಸಿಕ್ಕಿಸಿಕೊಂಡು ಮುಂದಿನ ಬಾಗಿಲಲ್ಲಿ ಹತ್ತಿದಳು. ಗಂಡನ ಹೆಸರನ್ನು ಬಸ್ಸಿಗೆಲ್ಲ ಕೇಳುವಂತೆ ಕೂಗಿದಳು: “ಏ, ಜಾಗ ಬಿಡ್ರೀ! ಬಸಣ್ಣ ಬರ್ತಾನ!”

ಹಿಂದಿನ ಬಾಗಿಲಲ್ಲಿ ನಿಂತಿದ್ದವರು ನಿಜವಾಗಿಯೂ ಜಾಗ ಬಿಟ್ಟರು. ಬೆಂಚಿನ ಮೇಲೆ ಪಿಳ್ಳಪ್ಪನೂ ಒಂದು ಗೇಣು ಸರಿದು ಕೂತ.